ಹನ್ನೆರಡನೆಯ ಅಳು

ಕೂಸು ಯಾಕೆ ಅಳುತ್ತದೆಂದು ಗೊತ್ತಾಗಿಬಿಟ್ಟರೆ ಹಡೆದವಳ ಅರ್ಧ ಕಷ್ಟ ಕಳೆದಂತೆ ಎಂದು ಮಣಿ ಮಾಡಿದವರು ನಂಬಿದ್ದರು. ಉಳಿದ ಅರ್ಧದ ಬಗ್ಗೆ ಅವರು ಏನೂ ಹೇಳಿರಲಿಲ್ಲ.

ಮಣಿ ಶೇಂಗಾಬೀಜದಷ್ಟು ಗಾತ್ರದ್ದು. ಕೂಸಿನ ಕರಿ ಉಡಿದಾರಕ್ಕೆ ಪೋಣಿಸಿ ನಡುವಿಗೆ ಕಟ್ಟಬೇಕು. ಮಿಕ್ಸರು, ಟೀವಿ, ಪಕ್ಕದ ಮನೆಯ ಮಗ್ಗ ಇವುಗಳ ಗದ್ದಲದಲ್ಲಿ ದನಿಯನ್ನು ನಂಬಲಾಗದೆಂದು ಅದನ್ನು ಮೈಗೆ ತಾಗಿ ಕೂರುವಂತೆ ಮಾಡಿದ್ದರು. ಉಸಿರು ಎಲ್ಲಿ ತಡೆಯಿತು, ಎಷ್ಟು ಸಲ ಬಿಕ್ಕಿತು, ಮೈ ಹೇಗೆ ನಡುಗಿತು ಎಂಬುದನ್ನು ಹಿಡಿದು ಅದು ಅಳುವಿನ ಬಗೆಯನ್ನು ಗುರುತಿಸುತ್ತಿತ್ತು. ಕೂಸುಗಳು ವಾರವಾರಕ್ಕೆ ಬೆಳೆಯುವುದರಿಂದ ಮೈಯ ಅಳತೆಯನ್ನು ಗಮನಿಸದೆ ಲಯವೊಂದನ್ನೇ ನೋಡಲು ಅದಕ್ಕೆ ಕಲಿಸಿದ್ದರು. ಗೋಡೆಯ ಗೂಡಿನಲ್ಲಿಟ್ಟ ಚಿಕ್ಕ ಪೆಟ್ಟಿಗೆ ಆ ಗಳಿಗೆಯಲ್ಲೇ ಬಾಯಿಬಿಟ್ಟು ಹೇಳುತ್ತಿತ್ತು: "ಕೂಸಿಗೆ ಹಸಿವಾಗೈತಿ." ಅಥವಾ, "ಹೊಟ್ಟ್ಯಾಗ ಗಾಳಿ ತುಂಬೈತಿ, ಹೆಗಲ ಮ್ಯಾಲೆ ಹಾಕ್ಕೊಂಡು ತಟ್ಟು."

ಆ ದನಿಗೆ ಜನ ದೊಡ್ಡವ್ವ ಎಂದು ಹೆಸರಿಟ್ಟಿದ್ದರು. ಫೋನಿನಲ್ಲಿ ಬರೆದು ಕೇಳಿದರೂ ದೊಡ್ಡವ್ವ ಉತ್ತರ ಕೊಡುತ್ತಿದ್ದಳು. ಚೊಚ್ಚಲು ಹೆರಿಗೆಯಾದವರಿಗೆಲ್ಲ ಆಸ್ಪತ್ರೆಯಿಂದ ಹೊರಡುವಾಗಲೇ ಮಣಿ ಸಿಗುತ್ತಿತ್ತು. ಜೊತೆಗೆ, ಅದೇ ವಾರ ಹಡೆದ ನಲವತ್ತು ಮಂದಿಯ ಒಂದು ಬಳಗ ಫೋನಿನಲ್ಲಿ ತೆರೆದುಕೊಳ್ಳುತ್ತಿತ್ತು.

ಬೆಟಗೇರಿಯ ತವರುಮನೆಯಲ್ಲಿ ಬಾಣಂತನಕ್ಕೆ ಬಂದು ಹನ್ನೊಂದು ವಾರವಾಗಿದ್ದ ನೀಲಗಂಗಾ ಈ ಮಣಿಗೆ ಪಾಠ ಹೇಳಿಕೊಟ್ಟವರಲ್ಲಿ ಒಬ್ಬಳು. ಅವಳ ನಾಚಿಕೆಗೆ ಅದೇ ಕಾರಣ.

"ಬಾ ಇಲ್ಲೆ, ಕೈ ಚಾಚು," ಎಂದಳು ಅವಳ ಅವ್ವ ಚನ್ನವ್ವ. ಬಚ್ಚಲಲ್ಲಿ ಚನ್ನವ್ವ ಕಾಲು ನೀಡಿ ಕೂತಿದ್ದಳು. ಅವಳ ಮೊಣಕಾಲ ಮೇಲೆ ಬೋರಲಾಗಿ ಮಲಗಿದ್ದ ಕೂಸು ಎಣ್ಣೆಯಲ್ಲಿ ಮಿರುಗುತ್ತಿತ್ತು. ಎಣ್ಣೆ ಹತ್ತಿದರೆ ಮಣಿ ಮಂದವಾಗುತ್ತದೆಂದು ಎರೆಯುವ ಮುನ್ನ ಅದನ್ನು ಬಿಚ್ಚಬೇಕಿತ್ತು. ಬಿಚ್ಚಿ ಮೂರು ನಿಮಿಷ ಕಳೆದರೆ ಪೆಟ್ಟಿಗೆ ಬಡಕೊಳ್ಳುತ್ತಿತ್ತು: "ಮಣಿ ಮೈಮ್ಯಾಲಿಲ್ಲ. ಮಣಿ ಮೈಮ್ಯಾಲಿಲ್ಲ."

"ನಮ್ಮನಿಗೆ ಇನ್ನೊಬ್ಬಾಕಿ ಬೀಗತಿ ಬಂದು ಕುಂತಂಗ ಆಗೈತಿ," ಎಂದು ಚನ್ನವ್ವ ಗೊಣಗಿದಳು. "ಎರಿಯೂದು ಹ್ಯಾಂಗಂತ ನನಗ ಹೇಳ್ತಾಳ. ನಿನ್ನ ಎರದ ಕೈಯಿದು. ಚಾಚಬೇ ಕೈಯಿ, ಇಕಿ ಬಾಯಿ ಮುಚ್ಚಸ್ತೀನಿ."

ನೀಲಗಂಗಾ ಕೈ ಚಾಚಿದಳು. ಚನ್ನವ್ವ ಉಡಿದಾರವನ್ನು ಎರಡು ಸುತ್ತು ಸುತ್ತಿ, ತಾಯತ ಕಟ್ಟುವಂತೆ ಮಗಳ ತೋಳಿಗೆ ಮಣಿಯನ್ನು ಬಿಗಿದು ಗಂಟು ಹಾಕಿದಳು. ಬೆಚ್ಚನೆಯ ಮೈ ಸಿಕ್ಕಿದ್ದೇ ಪೆಟ್ಟಿಗೆ ಸುಮ್ಮನಾಯಿತು. ಹದಿನೈದು ದಿನದಿಂದ ಹೀಗೇ ನಡೆದಿತ್ತು. ಎರೆದಾದ ಮೇಲೆ ಅಜವಾನದ ಹೊಗೆ ಹಾಕಿ, ಕೂಸನ್ನು ಸುತ್ತಿ ತೊಟ್ಟಿಲಿಗೆ ಹಾಕುವಾಗ ಮಣಿ ವಾಪಸ್ಸು ಕೂಸಿನ ನಡುವಿಗೆ ಹೋಗುತ್ತಿತ್ತು.

"ಹೋಗು, ನೀನೂ ತಲಿ ಕಟ್ಕೋ. ಗಾಳಿ ಹೊಕ್ಕೀತು," ಎಂದಳು ಚನ್ನವ್ವ.

ನೀಲಗಂಗಾ ಮಣಿಗೆ ಪಾಠ ಹೇಳುತ್ತಿದ್ದ ಕಚೇರಿ ಹುಬ್ಬಳ್ಳಿಯ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿತ್ತು. ಎಂಟು ಹೆಂಗಸರು, ಎಂಟು ಪರದೆಗಳು. ಪರದೆಯ ಮೇಲೆ ಒಂದು ಗೆರೆ ಏಳುತ್ತ ಬೀಳುತ್ತ ಓಡುತ್ತಿತ್ತು. ಕಿವಿಗೆ ಹಾಕಿಕೊಂಡದ್ದರಲ್ಲಿ ಯಾವುದೋ ಊರಿನ ಯಾವುದೋ ಕೂಸು ಆರು ಸೆಕೆಂಡು ಅಳುತ್ತಿತ್ತು. ಕೆಳಗೆ ಹನ್ನೊಂದು ಚೌಕಗಳಿದ್ದವು: ಹಸಿವು, ಗಾಳಿ, ನಿದ್ದೆ, ಒದ್ದೆ, ಸೆಕೆ, ಚಳಿ, ಹೀಗೆ. ಯಾವುದೆಂದು ಒತ್ತಿ ಮುಂದಕ್ಕೆ ಹೋಗಬೇಕು. ಹದಿನಾಲ್ಕು ತಿಂಗಳಲ್ಲಿ ನೀಲಗಂಗಾ ನಲವತ್ತು ಸಾವಿರ ಅಳು ಕೇಳಿದ್ದಳು. ಅವಳಷ್ಟು ಕಡಿಮೆ ತಪ್ಪು ಮಾಡಿದವರು ಆ ಮಹಡಿಯಲ್ಲಿ ಯಾರೂ ಇರಲಿಲ್ಲ.

ಹನ್ನೆರಡನೆಯ ಚೌಕ ಬಂದದ್ದು ಅವಳಿಂದಲೇ. ಒಂದು ದಿನ ಬಂದ ಅಳು ಹನ್ನೊಂದರಲ್ಲಿ ಯಾವುದಕ್ಕೂ ಕೂಡಿಬರಲಿಲ್ಲ. ಜೊತೆಗೆ ಬಂದ ಟಿಪ್ಪಣಿಯಂತೆ ಹೊಟ್ಟೆ ತುಂಬಿತ್ತು, ಬಟ್ಟೆ ಒಣಗಿತ್ತು, ನಿದ್ದೆಯೂ ಆಗಿತ್ತು. ತಾಯಿ ಎತ್ತಿಕೊಂಡಳು, ಅಳು ನಿಂತಿತು, ಅಷ್ಟೇ. ಹುಡುಕುತ್ತ ಹೋದಾಗ ಅಂಥವು ನೂರಾರು ಸಿಕ್ಕವು. ಎಲ್ಲದರ ಗೆರೆಯೂ ಒಂದೇ ಥರ: ಉದ್ದನೆಯ ಒಂದು ಉಸಿರು, ಮೂರು ಬಿಕ್ಕು, ಆಮೇಲೆ ಯಾರಾದರೂ ಬಂದರೇನೋ ಎಂದು ಕಾಯುವಂಥ ಒಂದು ನಿಲುಗಡೆ.

"ಇದಕ್ಕೆ ಬ್ಯಾರೆ ಚೌಕ ಬೇಕ್ರೀ ಮೇಡಂ. ಅವ್ವ ಬೇಕು ಅಂತ," ಎಂದಿದ್ದಳು.

ಮೇಲ್ವಿಚಾರಕಿ ಪದ್ಮಜಾ ಮೇಡಂ ಕನ್ನಡಕ ತೆಗೆದಿದ್ದರು. "ಇದು ಕಾರಣ ಅಲ್ಲ ನೀಲಗಂಗಾ, ಇದು ಭಾವನೆ. ಯಂತ್ರಕ್ಕೆ ಕಾರಣ ಬೇಕು."

"ಎತ್ತಿಕೊಂಡ ಕೂಡ್ಲೇ ಸುಮ್ಮನಾಗೈತಲ್ರಿ. ಇನ್ನೇನ್ ಕಾರಣ ಬೇಕು?"

ಪಕ್ಕದ ಕುರ್ಚಿಯ ಮುಮ್ತಾಜ ನಕ್ಕುಬಿಟ್ಟಿದ್ದಳು. ಪದ್ಮಜಾ ಮೇಡಂ ಎರಡು ವಾರ ಯೋಚಿಸಿ ಒಪ್ಪಿದರು. ಆಗ ನೀಲಗಂಗಾಳ ಹೊಟ್ಟೆಯಲ್ಲಿ ನಾಲ್ಕು ತಿಂಗಳ ಕೂಸು. "ನಿನ್ನ ಕೂಸು ಪುಣ್ಯಾ ಮಾಡೈತಿ ಬಿಡು. ಉಸಿರು ಎಳಿಯೂದ್ರಾಗ ಏನ್ ಬೇಕಂತ ತಿಳ್ಕೊಂತೀ," ಎಂದು ಮುಮ್ತಾಜ ಬೆನ್ನು ತಟ್ಟಿದ್ದಳು.

ಮನೆಯ ಅಳುವೇ ಬೇರೆ ಎಂದು ಹಡೆದ ಮೇಲೆ ಗೊತ್ತಾಯಿತು. ಕಚೇರಿಯಲ್ಲಿ ಅಳು ಆರು ಸೆಕೆಂಡಿಗೆ ಮುಗಿಯುತ್ತಿತ್ತು. ಇಲ್ಲಿ ಆರು ಸೆಕೆಂಡು ಆದಮೇಲೂ ಇರುತ್ತಿತ್ತು, ಅರ್ಧ ಗಂಟೆ ಆದಮೇಲೂ ಇರುತ್ತಿತ್ತು. ಕೂಸು ಬಾಯಿ ತೆರೆದರೆ ಅವಳ ತಲೆಯೊಳಗೆ ಹನ್ನೆರಡೂ ಚೌಕಗಳು ಒಟ್ಟಿಗೆ ತೆರೆದುಕೊಂಡು ಯಾವುದನ್ನೂ ಒತ್ತಲಾಗುತ್ತಿರಲಿಲ್ಲ. ಗೂಡಿನೊಳಗಿಂದ ದೊಡ್ಡವ್ವ ಹೇಳಬೇಕಿತ್ತು. ದೊಡ್ಡವ್ವ ಹೇಳಿದ್ದನ್ನು ಮಾಡಿದರೆ ಕೂಸು ಸುಮ್ಮನಾಗುತ್ತಿತ್ತು ಕೂಡ. ಆದರೂ ಅವಳಿಗೆ, ಯಾರದೋ ಮನೆಯ ಕೂಸನ್ನು ಯಾರದೋ ಮಾತಿನಂತೆ ನೋಡಿಕೊಳ್ಳುತ್ತಿದ್ದೇನೆ ಎನಿಸುತ್ತಿತ್ತು.

ಅವಳು ಫೋನಿನಲ್ಲಿ ಕೇಳುತ್ತಲೇ ಇದ್ದಳು. ಕೂಸು ಹಸಿರು ಕಕ್ಕಸು ಮಾಡಿಕೊಂಡರೆ ಏನು? ಕೂಸು ಕುಡಿದದ್ದು ಕಕ್ಕಿದರೆ ಏನು? ನೆತ್ತಿ ಬಡಿದುಕೊಳ್ಳುತ್ತಿದೆ, ಅದು ಹಾಗೇ ಇರುತ್ತದೆಯೇ? ಹಾಲು ಸಾಕಾಗುತ್ತಿದೆ ಎಂದು ಹೇಗೆ ತಿಳಿಯಬೇಕು? ಒಂದೊಂದಕ್ಕೂ ದೊಡ್ಡವ್ವ ತಾಳ್ಮೆಯಿಂದ ಉತ್ತರಿಸುತ್ತಿದ್ದಳು. ಕೇಳಿದ್ದನ್ನೇ ನಾಲ್ಕು ಸಲ ಕೇಳಿದರೂ ಬೇಸರವಿರಲಿಲ್ಲ. ಉತ್ತರ ಬಾಯಿಪಾಠವಾಗಿದ್ದರೂ ನೀಲಗಂಗಾ ಮತ್ತೆ ಕೇಳುತ್ತಿದ್ದಳು. ಯಾರೋ ಒಬ್ಬರು ಮರುಗಳಿಗೆಯಲ್ಲಿ ಓಗೊಡುತ್ತಾರಲ್ಲ, ಅದಕ್ಕಾಗಿ.

ಒಂದೇ ಒಂದು ಸಲ ಅವಳು, "ನಂಗ ಸಾಕಾಗೈತಿ" ಎಂದು ಬರೆದಳು.

"ಕೂಸಿಗೆ ಎಷ್ಟು ವಾರಾತು, ಯವ್ವಾ?" ಎಂದು ದೊಡ್ಡವ್ವ ಕೇಳಿದಳು.

ಬಳಗದಲ್ಲಿಯೂ ಬರೆಯಬಹುದಿತ್ತು. ಆದರೆ ಹಾವೇರಿಯ ಕಡೆಯ ಒಬ್ಬ ಹುಡುಗಿ ಹೋದ ತಿಂಗಳು, "ಸುಮ್ ಸುಮ್ನ ಅಳು ಬರ್ತೈತ್ರೀ, ನಿಮಗೂ ಹಂಗ ಆಗ್ತೈತೇನು?" ಎಂದು ಕೇಳಿದ್ದಕ್ಕೆ ಇಪ್ಪತ್ತಾರು ಗುಲಾಬಿ ಹೂವಿನ ಚಿತ್ರ ಬಂದಿದ್ದವು. ಆಮೇಲೆ ಯಾರೋ ಕೂಸಿಗೆ ಕುಲಾವಿ ಹಾಕಿದ ಫೋಟೋ ಹಾಕಿದರು. ಎಲ್ಲರೂ ದೃಷ್ಟಿ ತೆಗಿರಿ, ದೃಷ್ಟಿ ತೆಗಿರಿ ಎಂದರು. ಆ ಹುಡುಗಿ ಮತ್ತೆ ಏನೂ ಬರೆಯಲಿಲ್ಲ. ನೀಲಗಂಗಾ ಕೂಡ ಹೂವನ್ನೇ ಕಳಿಸಿದ್ದಳು. ಅದನ್ನು ನೆನೆದಾಗಲೆಲ್ಲ ಅವಳಿಗೆ ಮೈ ಹಿಡಿಯಾಗುತ್ತಿತ್ತು.

ಹೇಳಲೇಬೇಕಾದದ್ದು ಇನ್ನೊಂದಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಹಿಂದಿನ ಮಂಗಳವಾರ ಚನ್ನವ್ವ ನೂಲು ಸುತ್ತಿದ ಕಂಡಿಕೆಗಳನ್ನು ನೇಕಾರರ ಮನೆಗೆ ಮುಟ್ಟಿಸಲು ಹೋಗಿದ್ದಳು. ಹನ್ನೊಂದು ಗಂಟೆಯ ಬಿಸಿಲು. ಕೂಸು ಅಳತೊಡಗಿ ಮುಕ್ಕಾಲು ಗಂಟೆಯಾಗಿತ್ತು. ನೀಲಗಂಗಾ ಅದನ್ನು ತೊಟ್ಟಿಲಿಗೆ ಹಾಕಿದಳು, ಚಪ್ಪಲಿ ಮೆಟ್ಟಿದಳು, ತಲೆಗೆ ಕಟ್ಟಿದ್ದ ಬಟ್ಟೆಯನ್ನೂ ಬಿಚ್ಚದೆ ಹೊರಗೆ ನಡೆದಳು. ಓಣಿ ದಾಟಿ ಬಸ್ಸು ನಿಲ್ಲುವಲ್ಲಿಗೆ ಹೋದಳು. ಬಸ್ಸು ಬಂತು. ಅವಳ ಒಂದು ಕಾಲು ಮೆಟ್ಟಿಲ ಮೇಲಿತ್ತು.

"ಹತ್ತತೀರೋ ಇಲ್ಲೋ ಅಕ್ಕಾರ? ಎಲ್ಲಿಗೆ?" ಎಂದು ಕಂಡಕ್ಟರು ಕೇಳಿದ.

ಎಲ್ಲಿಗೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ನಿಂತಂತೆಯೇ ಎದೆಗೆ ಹಾಲಿಳಿದು ಕುಪ್ಪಸ ಒದ್ದೆಯಾಯಿತು. ಅವಳ ಮನಸ್ಸು ಹೊರಟಿತ್ತು, ಮೈ ಮಾತ್ರ ಹೊರಟಿರಲಿಲ್ಲ. ಕಾಲು ಇಳಿಸಿ ತಿರುಗಿ ಬಂದಳು. ಕೂಸು ಬಿಕ್ಕುತ್ತ ಬಿಕ್ಕುತ್ತ ಮಲಗಿಬಿಟ್ಟಿತ್ತು. ಫೋನಿನಲ್ಲಿ ದೊಡ್ಡವ್ವನ ಟಿಪ್ಪಣಿ ಇತ್ತು: "ಯಾರೂ ಎತ್ತಿಕೊಳ್ಳಲಾರದ ಕೂಸು ಹನ್ನೊಂದು ನಿಮಿಷ ಅತ್ತೈತಿ. ಕಾರಣ: ಅವ್ವ ಬೇಕು."

ತಾನೇ ಹಾಕಿಸಿದ ಚೌಕ. ಟಿಪ್ಪಣಿಯನ್ನು ಅಳಿಸಿಹಾಕಿದಳು.

ಬರುವ ಸೋಮವಾರ ಗಂಡ ಮಾಂತೇಶ ಕರೆದೊಯ್ಯಲು ಬರುವವನಿದ್ದ. ಹುಬ್ಬಳ್ಳಿಯ ಎರಡು ಕೋಣೆಯ ಮನೆಯಲ್ಲಿ, ಅವನು ಡಿಪೋ ಕೆಲಸಕ್ಕೆ ಹೋದಮೇಲೆ ಬೆಳಿಗ್ಗೆಯಿಂದ ಸಂಜೆಯವರೆಗೆ ಅವಳು, ಕೂಸು, ದೊಡ್ಡವ್ವ. ಆ ಮನೆಯಿಂದ ಬಸ್ಸು ನಿಲ್ಲುವ ಜಾಗಕ್ಕೆ ನಲವತ್ತು ಹೆಜ್ಜೆ. ಅದನ್ನು ಅವಳು ಈಗಾಗಲೇ ಮನಸ್ಸಿನಲ್ಲಿ ಎಣಿಸಿ ಮುಗಿಸಿದ್ದಳು. ಮುಂದಿನ ಸಲ ಕುಪ್ಪಸ ಒದ್ದೆಯಾಗದಿದ್ದರೆ?

ಇವತ್ತು ಗುರುವಾರ.

ಎರೆದ ಮೇಲೆ ಕೂಸಿಗೆ ಗಾಢ ನಿದ್ದೆ ಹತ್ತಿತು. ಹೊಗೆ ಹಾಕುತ್ತಿರುವಾಗಲೇ ಕಣ್ಣು ಮುಚ್ಚಿತ್ತು. ಆ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯವರು ಕಂಡಿಕೆ ಅರ್ಜೆಂಟಾಗಿ ಬೇಕು ಎಂದು ಬಾಗಿಲಲ್ಲಿ ಬಂದು ನಿಂತರು. ಚನ್ನವ್ವ ಕೂಸನ್ನು ತೊಟ್ಟಿಲಿಗೆ ಹಾಕಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ರಾಟಿಯ ಮುಂದೆ ಕೂತಳು. ಮಣಿ ಮಗಳ ತೋಳಿನಲ್ಲೇ ಉಳಿಯಿತು. ಮೇಲೆ ಉದ್ದ ತೋಳಿನ ಸ್ವೆಟರು ಬಂದದ್ದರಿಂದ ಕಾಣಲೂ ಇಲ್ಲ. ನೀಲಗಂಗಾಳಿಗೂ ಮರೆತುಹೋಯಿತು. ಅವಳಿಗೆ ಈಚೆಗೆ ಊಟ ಮಾಡಿದ್ದೇ ಮರೆಯುತ್ತಿತ್ತು.

ಮಾಂತೇಶನ ಫೋನು ಬಂತು. "ಸೋಮವಾರ ಹತ್ತಕ್ಕ ಬರ್ತೀನಿ. ಬಟ್ಟಿ ಕಟ್ಟಿಟ್ಟಿರು. ತೊಟ್ಟಿಲಾ ಕಟ್ಟಾಕ ಕೊಂಡಿ ಹಾಕ್ಸೇನಿ ನೋಡು, ಗಟ್ಟಿ ಐತಿ, ಆನಿ ತೂಗಬಹುದು."

"ಹೂಂ," ಎಂದಳು.

"ಖುಷಿ ಇಲ್ಲೇನು?"

"ಐತಿ."

ಫೋನು ಇಟ್ಟು ಅಂಗಳದ ಹಗ್ಗದಿಂದ ಕೂಸನ್ನು ಸುತ್ತುವ ಒಣಗಿದ ದುಪ್ಪಟ್ಟಿಗಳನ್ನು ತೆಗೆದಳು. ಒಂದನ್ನು ಮಡಿಚಿದಳು. ಎರಡನೆಯದನ್ನು ಮಡಿಚಲು ಕೈ ಬರಲಿಲ್ಲ. ಅದನ್ನು ಹಿಡಿದುಕೊಂಡೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ದನಿ ಕೇಳಿಸಬಾರದೆಂದು ನಲ್ಲಿ ಬಿಟ್ಟಳು. ಬಕೀಟಿಗೆ ನೀರು ಸುರಿಯುತ್ತಿತ್ತು. ನೀಲಗಂಗಾ ಇನ್ನೂ ಬೆಚ್ಚಗಿದ್ದ ಕಲ್ಲಿನ ಮೇಲೆ ಕೂತು, ದುಪ್ಪಟ್ಟಿಯನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ದನಿಯೇ ಬರದಂತೆ ಅಳುವುದನ್ನು ಅವಳು ಈ ಹನ್ನೊಂದು ವಾರದಲ್ಲಿ ಚೆನ್ನಾಗಿ ಕಲಿತಿದ್ದಳು.

ಗೂಡಿನೊಳಗಿಂದ ದೊಡ್ಡವ್ವನ ದನಿ ಕೇಳಿಸಿತು.

"ಕೂಸು ಅಳಾಕತ್ತೈತಿ."

ನೀಲಗಂಗಾ ಬೆಚ್ಚಿ ನಲ್ಲಿ ನಿಲ್ಲಿಸಿದಳು. ಎದ್ದಿತೇ? ಈಗ ಎದ್ದಿತೇ? ದುಪ್ಪಟ್ಟಿಯಿಂದ ಅವಸರವಾಗಿ ಮುಖ ಒರೆಸಿಕೊಳ್ಳತೊಡಗಿದಳು.

ರಾಟಿ ನಿಂತ ಸದ್ದು. ಚನ್ನವ್ವನ ಹೆಜ್ಜೆ ತೊಟ್ಟಿಲ ಕಡೆ ಹೋಗಿ ನಿಂತಿತು. "ಏ ಹುಚ್ಚಿ," ಎಂದಳು ಚನ್ನವ್ವ ಪೆಟ್ಟಿಗೆಗೆ, ಮೆಲ್ಲನೆ. "ಕೂಸು ಮಕ್ಕೊಂಡೈತಿ. ನಿನ್ನ ಕಣ್ಣಾಗ ಏನ್ ಬಿದ್ದೈತಿ?"

"ಕೂಸು ಅಳಾಕತ್ತೈತಿ," ಎಂದಳು ದೊಡ್ಡವ್ವ. "ಹಸಿವಲ್ಲ. ಹೊಟ್ಟಿಬ್ಯಾನಿ ಅಲ್ಲ. ನಿದ್ದಿ ಭಾಳ ಕಡಿಮಿ ಆಗೈತಿ. ಆದ್ರ ಅಳೂದು ಅದಕ್ಕಲ್ಲ."

"ಮತ್ತ್ಯಾತಕ್ಕ?"

"ಕೂಸಿಗೆ ಅವ್ವ ಬೇಕು. ಎತ್ತಿಕೋ."

ಬಚ್ಚಲ ಕತ್ತಲಲ್ಲಿ ನೀಲಗಂಗಾ ತೋಳು ಮುಟ್ಟಿ ನೋಡಿಕೊಂಡಳು. ಸ್ವೆಟರಿನ ಕೆಳಗೆ ಶೇಂಗಾಬೀಜದಷ್ಟು ಗಟ್ಟಿ ಸಿಕ್ಕಿತು. ಅವಳಿಗೆ ನಗು ಬರುವಂತಾಯಿತು, ಬಂದದ್ದು ನಗುವಲ್ಲ. ಉದ್ದನೆಯ ಒಂದು ಉಸಿರು, ಮೂರು ಬಿಕ್ಕು, ಆಮೇಲೆ ಒಂದು ನಿಲುಗಡೆ. ಪರದೆಯಿಲ್ಲದೆಯೇ ಆ ಗೆರೆ ಅವಳ ಕಣ್ಣಿಗೆ ಕಂಡಿತು. ತೋಳು ಮೇಲೆ ಸರಿಸಿ ಗಂಟಿಗೆ ಕೈ ಹಾಕಿದಳು. ಬಿಚ್ಚಿ ನೀರಿಗೆ ಎಸೆದರೆ ಮುಗಿಯಿತು. ಯಂತ್ರ ಕೆಟ್ಟಿದೆ ಎಂದರೆ ಅವ್ವ ಕೂಡಲೇ ನಂಬುತ್ತಾಳೆ, ಸಂತೋಷದಿಂದಲೇ ನಂಬುತ್ತಾಳೆ. ಆದರೆ ಚನ್ನವ್ವ ಹಾಕಿದ ಗಂಟು ನೂಲು ಸುತ್ತುವವರ ಗಂಟು. ಉಗುರಿಗೆ ಸಿಗಲಿಲ್ಲ.

ಹೊರಗೆ ತೊಟ್ಟಿಲಿನ ಬಟ್ಟೆ ಸರಿಸಿದ ಸದ್ದು ಕೇಳಿಸಿತು. ಆಮೇಲೆ ಹೆಜ್ಜೆ ಬಚ್ಚಲ ಬಾಗಿಲ ತನಕ ಬಂತು.

"ನೀಲಾ. ಮಣಿ ಎಲ್ಲೈತಿ?"

ನೀಲಗಂಗಾ ಸ್ವೆಟರಿನ ತೋಳನ್ನು ಕೆಳಗೆ ಎಳೆದುಕೊಂಡಳು.

"ಬಾಗಲಾ ತೆಗಿ."

"ಏನಿಲ್ಲ ಬೇ. ಮುಖಾ ತೊಳಕೊಳ್ಳಾಕತ್ತೇನಿ."

"ಅವ್ವಗ ಸುಳ್ಳ ಹೇಳ್ತೀ? ಆ ಡಬ್ಬಿಗೆ ತಿಳಿದಷ್ಟೂ ನನಗ ತಿಳಿಯಂಗಿಲ್ಲ ಅಂತ ಮಾಡೀಯೇನು?" ಎಂದಳು ಚನ್ನವ್ವ. ಆಮೇಲೆ ಬೇರೆ ದನಿಯಲ್ಲಿ ಹೇಳಿದಳು: "ತಿಳೀಲಿಲ್ಲ ನೋಡು. ಹನ್ನೊಂದು ವಾರ ಕೂಸಿನ್ನ ಎರದೆ, ನಿನ್ನ ಮಾರಿ ನೋಡಲಿಲ್ಲ. ತೆಗಿಯವಾ."

ಚಿಲಕ ತೆಗೆದವಳು ನೀಲಗಂಗಾಳೇ. ಚನ್ನವ್ವ ಒಳಗೆ ಬಂದು, ಎರೆಯುವಾಗ ಕೂರುವಂತೆಯೇ ಕಾಲು ನೀಡಿ ಕಲ್ಲಿನ ಮೇಲೆ ಕೂತಳು. ಮಗಳ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಕೈಯಲ್ಲಿ ಇನ್ನೂ ಎಣ್ಣೆಯ ವಾಸನೆ ಇತ್ತು. ಆಗ ನೀಲಗಂಗಾ ದನಿ ತೆಗೆದು ಅತ್ತಳು. ಬಕೀಟು, ನಲ್ಲಿ, ಪಕ್ಕದ ಮನೆಯ ಮಗ್ಗ ಎಲ್ಲವನ್ನೂ ಮೀರಿ ಅತ್ತಳು.

"ಮಂಗಳವಾರ ನಾ ಬಸ್ ಹತ್ತಾಕ ಹೋಗಿದ್ದೆ ಬೇ. ಕೂಸಿನ್ನ ಬಿಟ್ಟು."

ಚನ್ನವ್ವನ ಕೈ ತಲೆಯ ಮೇಲೆ ಒಂದು ಗಳಿಗೆ ನಿಂತಿತು. ನೀಲಗಂಗಾ ಕಾದಳು. ಕೈ ಮತ್ತೆ ಆಡತೊಡಗಿತು.

"ತಿರಿಗಿ ಬಂದೀಯಲ್ಲ."

"ಇನ್ನೊಮ್ಮೆ ಬರದಿದ್ರ?"

ಚನ್ನವ್ವ ಮಗಳ ಕೈಯಿಂದ ದುಪ್ಪಟ್ಟಿಯನ್ನು ಬಿಡಿಸಿ ಪಕ್ಕಕ್ಕಿಟ್ಟಳು. ನೀರು ತೊಟ್ಟಿಕ್ಕುತ್ತಿತ್ತು. "ನೀ ಎರಡು ತಿಂಗಳ ಕೂಸಿದ್ದಾಗ," ಎಂದು ಹೇಳಿದಳು, "ನೀ ಅಳೂದು ಕೇಳಬಾರದಂತ ನಾ ರಾಟಿ ತಿರುವೇ ತಿರುವಿದೆ. ನೂಲೇ ಇರಲಿಲ್ಲ ಅದರಾಗ. ಬರೇ ರಾಟಿ. ನಮ್ಮತ್ತಿ ನೋಡಿ ನಕ್ಕಳು. ಅವತ್ತಿನಿಂದ ಯಾರ ಮುಂದೂ ಹೇಳಿಲ್ಲ." ಮಗಳ ಕಣ್ಣು ಒರೆಸಿದಳು. "ನಾಳಿ ದವಾಖಾನಿಗೆ ಹೋಗೂಣು."

"ಕೂಸಿಗೆ ಏನಾಗಿಲ್ಲಲ್ಲ ಬೇ."

"ಕೂಸಿಗಲ್ಲ. ನಿನಗ."

ಒಳಗಿಂದ ದೊಡ್ಡವ್ವ ಹೇಳಿದಳು: "ಕೂಸು ಸುಮ್ಮನಾಗೈತಿ."

"ಹೂಂ, ನೀ ಒಬ್ಬಾಕಿ ಶ್ಯಾಣ್ಯಾಕಿ," ಎಂದಳು ಚನ್ನವ್ವ ಬಾಗಿಲ ಕಡೆ ತಿರುಗಿ.

ಆ ಸಂಜೆಯೇ ಅಳಿಯನಿಗೆ ಫೋನು ಹಚ್ಚಿ ಚನ್ನವ್ವ ಮಾತಾಡಿದಳು. "ಸೋಮವಾರ ಕರಕೊಂಡು ಹೋಗೂದು ಬ್ಯಾಡ್ರೀ ಮಾಂತೇಶಪ್ಪಾ. ನೀವು ಬರ್ರಿ. ಬಟ್ಟಿ ತಗೊಂಡು ಬರ್ರಿ, ಎಂಟು ದಿನ ಇಲ್ಲೇ ಇರಾಕ. ಕೂಸಿನ ದುಪ್ಪಟ್ಟಿ ಒಗಿಯೂದು ನಿಮಗೂ ಕಲಸ್ತೀನಿ." ಆ ಕಡೆಯಿಂದ ಮಾಂತೇಶ ಏನೇನೋ ಕೇಳಿದ. "ಫೋನಿನಾಗ ಹೇಳೂದಲ್ಲ ಅದು. ಬಂದು ಆಕಿ ಮಾರಿ ನೋಡ್ರಿ," ಎಂದಳು.

ಶುಕ್ರವಾರ ದವಾಖಾನೆಯಲ್ಲಿ ಡಾಕ್ಟರಮ್ಮ ಬಹಳ ಹೊತ್ತು ಕೂತು ಕೇಳಿದರು. ಇದಕ್ಕೆ ಹೆಸರಿದೆ, ಔಷಧಿಯಿದೆ, ಮೊದಲು ನಿದ್ದೆ ಬೇಕು, ಒಂಟಿಯಾಗಿ ಬಿಡಬೇಡಿ ಎಂದರು. ಎರಡು ವಾರ ಬಿಟ್ಟು ಮತ್ತೆ ಬರಲು ಹೇಳಿದರು. ನೀಲಗಂಗಾಳಿಗೆ ಒಮ್ಮೆಲೇ ಹಗುರವೇನೂ ಆಗಲಿಲ್ಲ. ತಿರುಗಿ ಬರುವಾಗ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಡುತ್ತ ಅವಳು ತಡೆದು ನಿಂತಳು. ಹಿಂದಿನಿಂದ ಚನ್ನವ್ವ ಕೂಸನ್ನು ಎತ್ತಿಕೊಂಡು, "ಹತ್ತು ಹತ್ತು, ಅದೀವಿ ನಾವು," ಎಂದಳು.

ಶನಿವಾರ ಬೆಳಿಗ್ಗೆ ನೀಲಗಂಗಾ ಏಳು ತಾಸಿನ ನಿದ್ದೆಯಿಂದ ಎದ್ದು ಕೂತಿದ್ದಳು. ಬಳಗವನ್ನು ತೆರೆದು, ಹಾವೇರಿಯ ಹುಡುಗಿಯನ್ನು ಹುಡುಕಿ, ಅವಳೊಬ್ಬಳಿಗೇ ಬರೆದಳು: "ನಂಗೂ ಹಂಗ ಆಗ್ತೈತಿ ತಂಗಿ. ಫೋನ್ ಹಚ್ಚಲೇನು?" ಕಳಿಸುವಷ್ಟರಲ್ಲಿ ಮುಮ್ತಾಜಳ ಕರೆ ಬಂತು. ಅವಳ ಹಿಂದೆ ಮೂರನೆಯ ಮಹಡಿಯ ಸದ್ದು, ಕುರ್ಚಿ ಸರಿಸುವುದು, ಯಾರೋ ಚಹಾ ಕೇಳುವುದು.

"ಅಕ್ಕಾ, ಸಾಲ್ಯಾಗ ಕಲಿಸಿದ ಟೀಚರ್ ಮನ್ಯಾಗ ತಪ್ಪು ಲೆಕ್ಕ ಬಂದೈತಿ ನೋಡು," ಎಂದು ಮುಮ್ತಾಜ ನಕ್ಕಳು. "ಗುರುವಾರ ನಿಮ್ಮನಿ ಮಣಿಯಿಂದ ಒಂದು ಅಳು ಬಂದೈತಿ. ಹನ್ನೆರಡನೇ ಚೌಕದ್ದು. ಇಷ್ಟು ಚೊಕ್ಕ ಹೊಂದಿದ್ದು ನಾ ನೋಡೇ ಇಲ್ಲ. ಆದ್ರ ಉಸಿರು ಭಾಳ ಉದ್ದ ಐತಿ, ಹನ್ನೊಂದು ವಾರದ ಕೂಸಿಗೆ ಹೊಂದಂಗಿಲ್ಲ. ಮಣಿ ಕೆಟ್ಟೈತಿ ಅಂತ ಬರದು ತಗದು ಹಾಕಲೇನು?"

ತೊಟ್ಟಿಲಲ್ಲಿ ಕೂಸು ಕಾಲು ಬಡಿಯುತ್ತಿತ್ತು. ರಾಟಿ ಒಂದೇ ಸಮ ತಿರುಗುತ್ತಿತ್ತು. ಅದರಲ್ಲಿ ನೂಲು ಇತ್ತು.

"ಕೆಟ್ಟಿಲ್ಲ," ಎಂದಳು ನೀಲಗಂಗಾ. "ತಗಿಬ್ಯಾಡ. ಇರ್ಲಿ."

"ಹಂಗಾದ್ರ ವಯಸ್ಸಿನ ಕಾಲಮ್ಮಿನಾಗ ಏನ್ ಹಾಕ್ಲಿ?"

"ಇಪ್ಪತ್ತಾರು."

"ವಾರ?"

"ವರ್ಷ."

ಮುಮ್ತಾಜ ಕೀಬೋರ್ಡು ಒತ್ತುವ ಸದ್ದು ಬಂತು, ನಿಂತಿತು. "ವಾರ ಬಿಟ್ಟು ವರ್ಷ ಬರಿಯಾಕ ಇದರಾಗ ಜಾಗಾನೇ ಇಲ್ಲಲ್ಲಕ್ಕಾ," ಎಂದಳು. ಅವಳ ದನಿಯಲ್ಲಿ ನಗುವಿರಲಿಲ್ಲ.

"ಜಾಗಾ ಮಾಡು," ಎಂದಳು ನೀಲಗಂಗಾ.